ಕಂಪೈಲರಿನ ದೋಷವಾಕ್ಯ ಮತ್ತು ಕನ್ನಡದ ವೃತ್ತಿ

(ಹೈದರಾಬಾದಿನಲ್ಲಿ ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಈ ವೇದಿಕೆಯಿಂದ ತಾವು ವಚನಗಳನ್ನು ಕುರಿತು, ಏಕೀಕರಣದ ಹೋರಾಟವನ್ನು ಕುರಿತು, ಗಡಿನಾಡ ಕನ್ನಡಿಗರ ಅಳಲನ್ನು ಕುರಿತು ಅನೇಕ ವಿದ್ವಾಂಸರ ಮಾತುಗಳನ್ನು ಕೇಳಿದ್ದೀರಿ. ಇಂದಿನ ವಿಷಯ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಕೆಲವು ಹಿರಿಯರು, 'ಇದು ನಮಗೆ ಸಂಬಂಧಿಸಿದ್ದೋ, ಮನೆಯ ಹುಡುಗರಿಗೆ ಸಂಬಂಧಿಸಿದ್ದೋ?' ಎಂದು ಕೇಳಿದರಂತೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಎಷ್ಟು ಮನೆಗಳ ಅನ್ನ ಇಂದು ಕಂಪ್ಯೂಟರಿನ ಮುಂದೆ ಕುಳಿತು ದುಡಿದದ್ದು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಅನ್ನ ಕೊಡುವ ಕಸುಬಿನ ಬಗ್ಗೆ ನಮ್ಮ ಭಾಷೆಯಲ್ಲಿ ನಾವು ಮಾತನಾಡದೇ ಹೋದರೆ, ಭಾಷೆ ಹಬ್ಬದ ದಿನ ಮಾತ್ರ ಹೊರತೆಗೆಯುವ ರೇಷ್ಮೆ ಸೀರೆಯಾಗಿ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ನಾನು ಬಹುಕಾಲ ತಂತ್ರಾಂಶ ಪರೀಕ್ಷೆಯ ಕೆಲಸದಲ್ಲಿದ್ದವನು. ತಪ್ಪು ಹುಡುಕುವುದೇ ನನ್ನ ಜೀವನೋಪಾಯವಾಗಿತ್ತು. ಆದ್ದರಿಂದ ತಪ್ಪಿನ ಬಗ್ಗೆಯೇ ಮಾತನಾಡುತ್ತೇನೆ.

ಕಂಪೈಲರ್ ಎಂದರೆ ದುಭಾಷಿ. ಮನುಷ್ಯ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಒಂದು ತಂತ್ರಾಂಶ. ಇದಕ್ಕೆ 'ಸಂಕಲಕ' ಎಂಬ ಸಂಸ್ಕೃತ ಪದವನ್ನು ಕೆಲವರು ಬಳಸಿದ್ದಾರೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ, ಕಂಪೈಲರ್ ಎಂದೇ ಹೇಳುತ್ತೇನೆ. ಮನೆಯಲ್ಲಿ ಕನ್ನಡ, ನೆರೆಯವರೊಡನೆ ತೆಲುಗು, ಅಂಗಡಿಯಲ್ಲಿ ದಖನಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಭಾಷೆಗಳಲ್ಲಿ ಬದುಕುವ ನಮಗೆ ದುಭಾಷಿಯ ಕಷ್ಟ ವಿವರಿಸಬೇಕಾಗಿಲ್ಲ. ಒಳ್ಳೆಯ ದುಭಾಷಿ ಮೂಲದ ಮಾತು ಅರ್ಥವಾಗದಿದ್ದಾಗ ಏನು ಮಾಡುತ್ತಾನೆ? 'ಸ್ವಾಮಿ, ತಾವು ಹೇಳಿದ ಈ ಪದ ನನಗೆ ತಿಳಿಯಲಿಲ್ಲ, ಇದನ್ನೋ ಅದನ್ನೋ ತಾವು ಉದ್ದೇಶಿಸಿದ್ದು?' ಎಂದು ಕೇಳುತ್ತಾನೆ. ಕೆಟ್ಟ ದುಭಾಷಿ ಮುಖ ಸಿಂಡರಿಸಿ ಸುಮ್ಮನಾಗುತ್ತಾನೆ. ಕಂಪೈಲರುಗಳು ಬಹುಕಾಲ ಎರಡನೆಯ ಬಗೆಯವಾಗಿದ್ದವು.

1952ರಲ್ಲಿ ಗ್ರೇಸ್ ಹಾಪರ್ ಎಂಬ ಮಹಿಳೆ ಅಮೆರಿಕದಲ್ಲಿ ಎ-0 ಎಂಬ ವ್ಯವಸ್ಥೆಯನ್ನು ರೂಪಿಸಿ ಕಂಪೈಲರ್ ಎಂಬ ಹೆಸರನ್ನು ಬಳಕೆಗೆ ತಂದರು. 1957ರಲ್ಲಿ ಐಬಿಎಂ ಸಂಸ್ಥೆಯಿಂದ ಫೋರ್ಟ್ರಾನ್ ಬಂದಿತು. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಕಟ್ಟಿದ ಟಿಫ್ರಾಕ್ 1960ರಲ್ಲಿ ಕಾರ್ಯಾರಂಭ ಮಾಡಿತು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂದಿತು. 1967ರಲ್ಲಿ ನಮ್ಮ ಈ ಹೈದರಾಬಾದಿನಲ್ಲೇ ಇಸಿಐಎಲ್ ಸ್ಥಾಪನೆಯಾಗಿ ಮುಂದೆ ಟಿಡಿಸಿ ಮಾಲಿಕೆಯ ಯಂತ್ರಗಳನ್ನು ತಯಾರಿಸಿತು. ಆ ಕಾಲದಲ್ಲಿ ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ರಂಧ್ರ ಹೊಡೆದು ಕಟ್ಟುಕಟ್ಟಾಗಿ ಒಪ್ಪಿಸಬೇಕಿತ್ತು. ಫಲಿತಾಂಶ ಬರುವುದು ಗಂಟೆಗಳ ಅನಂತರ, ಒಮ್ಮೊಮ್ಮೆ ಮರುದಿನ. ಒಂದು ಅಲ್ಪವಿರಾಮ ತಪ್ಪಿದರೆ ಒಂದು ದಿನ ಹೋಯಿತೆಂದೇ ಲೆಕ್ಕ. ವಿದ್ಯಾರ್ಥಿಗಳ ಈ ಪಾಡನ್ನು ಕಂಡು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 1965ರಲ್ಲಿ ವಾಟ್ಫಾರ್ ಎಂಬ ಫೋರ್ಟ್ರಾನ್ ಕಂಪೈಲರನ್ನು ಸಿದ್ಧಪಡಿಸಿದರು. ಅದು ವೇಗವಾಗಿ ಕೆಲಸ ಮಾಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗೆ ಅರ್ಥವಾಗುವಂತೆ ತಪ್ಪನ್ನು ಹೇಳುತ್ತಿತ್ತು. ಕಲಿಯುವವನಿಗಾಗಿ ದೋಷವಾಕ್ಯವನ್ನು ತಿದ್ದಬೇಕೆಂಬ ವಿಚಾರ ಹೊಸತಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಆದರೂ ಆ ವಿಚಾರ ಬಹುಕಾಲ ಮೂಲೆಗೆ ಸರಿದಿತ್ತು. ಯುನಿಕ್ಸ್ ವ್ಯವಸ್ಥೆಯ 'ಎಡ್' ಎಂಬ ಹಳೆಯ ಬರಹ ತಿದ್ದುವ ಸಾಧನ, ತಪ್ಪು ಯಾವುದೇ ಆಗಿರಲಿ, ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ತೋರಿಸಿ ಕುಳಿತುಬಿಡುತ್ತಿತ್ತು. ಐಬಿಎಂ ದೊಡ್ಡ ಯಂತ್ರಗಳ ಮೇಲೆ ಕೋಬಾಲ್ ಬರೆದವರಿಗೆ 'ಎಸ್-ಸೊನ್ನೆ-ಸಿ-7' ಎಂಬ ಸಂಕೇತ ಇಂದಿಗೂ ಮರೆತಿರಲಾರದು. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿಯಲ್ಲದ್ದು ಏನೋ ಬಂದು ಕುಳಿತಿದೆ ಎಂಬುದಷ್ಟೇ ಅದರ ಅರ್ಥ. ಆದರೆ ಆ ಅರ್ಥ ಸಂಕೇತದಲ್ಲಿ ಎಲ್ಲಿದೆ? ಅದು ಬೇರೊಂದು ಕಪಾಟಿನಲ್ಲಿ, ದಪ್ಪ ಕೈಪಿಡಿಯಲ್ಲಿ ಇತ್ತು. 2000ನೆಯ ಇಸವಿಯ ಸಮಸ್ಯೆಯನ್ನು ಪರಿಹರಿಸಲು ಈ ನಗರದಿಂದ ಸಾಲುಸಾಲಾಗಿ ತರುಣರು ಕೋಬಾಲ್ ಕಲಿತು ಹೊರಟ ಕಾಲದಲ್ಲಿ, ಕೈಪಿಡಿ ಇದ್ದವನೇ ಪಂಡಿತ.

ದೋಷವಾಕ್ಯ ಕೇವಲ ಕ್ಲಿಷ್ಟವಾಗಿದ್ದರೆ ಹೇಗೋ ಸಹಿಸಬಹುದು. ಅದು ಬೇರೆಯವರ ಮೇಲೆ ತಪ್ಪು ಹೊರಿಸಿದರೆ? ಪೈಥಾನ್ ಎಂಬ ಭಾಷೆ ಇಂದು ಶಾಲೆಗಳಲ್ಲೂ ಕಲಿಸುವ ಭಾಷೆ. ಅದರಲ್ಲಿ ಆವರಣ ಚಿಹ್ನೆಯನ್ನು ತೆರೆದು ಮುಚ್ಚಲು ಮರೆತರೆ, ಯಂತ್ರ ಬಹುಕಾಲದವರೆಗೆ ಮುಂದಿನ ಸಾಲಿಗೆ ಬೆರಳು ತೋರಿಸಿ 'ವಾಕ್ಯರಚನೆ ಸರಿಯಿಲ್ಲ' ಎನ್ನುತ್ತಿತ್ತು. ಮುಂದಿನ ಸಾಲು ಪಾಪ, ನಿರ್ದೋಷಿ. ಕಲಿಯುವ ಹುಡುಗ ಆ ನಿರ್ದೋಷಿ ಸಾಲನ್ನೇ ಹತ್ತು ಬಾರಿ ತಿದ್ದಿ, ಅಳಿಸಿ, ಮತ್ತೆ ಬರೆದು ಬೇಸತ್ತು, 'ಇದು ನನ್ನ ತಲೆಗೆ ಹತ್ತುವುದಲ್ಲ' ಎಂದು ಎದ್ದುಹೋಗುತ್ತಿದ್ದ. 2021ರ ಅಕ್ಟೋಬರಿನಲ್ಲಿ ಹೊರಬಂದ 3.10ನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದರು. ಈಗ ತೆರೆದ ಆವರಣವನ್ನೇ ತೋರಿಸಿ, 'ಇದನ್ನು ಮುಚ್ಚಿಯೇ ಇಲ್ಲ' ಎಂದು ಹೇಳುತ್ತದೆ. ಇಷ್ಟು ಸರಳವಾದ ಮಾತನ್ನು ಹೇಳಲು ಮೂವತ್ತು ವರ್ಷ ಹಿಡಿಯಿತು! ಯಾರಿಗೂ ಬುದ್ಧಿ ಇರಲಿಲ್ಲವೆಂದಲ್ಲ. ತಿಳಿದವರಿಗೆ ಆ ಮಾತಿನ ಅಗತ್ಯವೇ ಕಾಣಲಿಲ್ಲ.

ಪ್ರೋಗ್ರಾಮ್ ಬರೆಯುವವರು ದೋಷವಾಕ್ಯಗಳನ್ನು ಓದುವುದೇ ಇಲ್ಲ ಎಂಬ ಒಂದು ವಾದವೂ ಇತ್ತು. 2017ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಕಣ್ಣಿನ ಚಲನೆಯನ್ನು ಅಳೆಯುವ ಉಪಕರಣವಿಟ್ಟು ಇದನ್ನು ಪರೀಕ್ಷಿಸಿದರು. ಓದುತ್ತಾರೆ ಎಂಬುದು ಸಿದ್ಧವಾಯಿತು; ಕೆಲಸದ ಒಟ್ಟು ಸಮಯದಲ್ಲಿ ಶೇಕಡ 13ರಿಂದ 25ರಷ್ಟು ಭಾಗ ಆ ವಾಕ್ಯಗಳ ಮೇಲೆಯೇ ಕಣ್ಣು ನೆಟ್ಟಿರುತ್ತದೆ. ಓದುವ ಕಷ್ಟವೂ ಪ್ರೋಗ್ರಾಮನ್ನೇ ಓದುವ ಕಷ್ಟಕ್ಕೆ ಸಮ. ಇಂಗ್ಲಿಷ್ ಚೆನ್ನಾಗಿ ಬಲ್ಲವರ ಪಾಡೇ ಇದಾದರೆ, ಸೇಡಮ್ಮಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯ ಪಾಡೇನು? ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಉದಾಹರಣೆ ರಸ್ಟ್ ಎಂಬ ಭಾಷೆಯದು. 2006ರಲ್ಲಿ ಒಬ್ಬ ವ್ಯಕ್ತಿಯ ಸ್ವಂತ ಪ್ರಯತ್ನವಾಗಿ ಹುಟ್ಟಿ, ಮೊಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದು, 2015ರ ಮೇ 15ರಂದು ಇದರ ಮೊದಲ ಸ್ಥಿರ ಆವೃತ್ತಿ ಹೊರಬಂದಿತು. ಈ ಭಾಷೆ ಬಹಳ ಕಟ್ಟುನಿಟ್ಟಿನದು. ಸ್ಮೃತಿಕೋಶದ ಯಾವ ವಸ್ತುವಿಗೆ ಯಾರು ಒಡೆಯರು, ಯಾರು ಅದನ್ನು ಎರವಲು ಪಡೆದಿದ್ದಾರೆ ಎಂಬ ಲೆಕ್ಕವನ್ನು ಕಂಪೈಲರು ಮೊದಲೇ ಇಟ್ಟುಕೊಂಡು, ಲೆಕ್ಕ ತಪ್ಪಿದರೆ ಪ್ರೋಗ್ರಾಮನ್ನು ಒಪ್ಪಿಕೊಳ್ಳುವುದೇ ಇಲ್ಲ. ಕಟ್ಟುನಿಟ್ಟಿನ ಮೇಷ್ಟರು ಹೆಚ್ಚು ಬಾರಿ ತಪ್ಪು ಹಿಡಿಯುತ್ತಾರೆ. ಹೆಚ್ಚು ಬಾರಿ ತಪ್ಪು ಹಿಡಿಯುವವರು ಏಕೆ ಎಂಬುದನ್ನೂ ಹೇಳದಿದ್ದರೆ ತರಗತಿ ಖಾಲಿಯಾಗುತ್ತದೆ. ಇದನ್ನು ಅವರು ಬೇಗನೆ ಅರಿತರು.

ಅವರು ಮಾಡಿದ್ದೇನೆಂದರೆ, ಬಹುಪಾಲು ಬಗೆಯ ತಪ್ಪುಗಳಿಗೆ ಒಂದೊಂದು ಸಂಖ್ಯೆ ಕೊಟ್ಟರು. ಇ0308 ಎಂದರೆ ಕೇಳಿದ ಬಗೆಯ ಬೆಲೆಯ ಬದಲು ಬೇರೆ ಬಗೆಯದು ಬಂದಿದೆ. ಇ0425 ಎಂದರೆ ಈ ಹೆಸರಿನದು ಯಾವುದೂ ಇಲ್ಲಿ ಗೊತ್ತಿಲ್ಲ. ಇ0382 ಎಂದರೆ ನೀವು ಈಗಾಗಲೇ ಮತ್ತೊಬ್ಬರ ಕೈಗೆ ಒಪ್ಪಿಸಿಬಿಟ್ಟ ವಸ್ತುವನ್ನು ಇನ್ನೂ ನಿಮ್ಮದೇ ಎಂಬಂತೆ ಬಳಸುತ್ತಿದ್ದೀರಿ. ಸಂಖ್ಯೆಯನ್ನು ಕೊಟ್ಟು 'ವಿವರಿಸು' ಎಂದು ಕಂಪೈಲರನ್ನೇ ಕೇಳಿದರೆ ಅದು ಒಂದು ಪುಟದಷ್ಟು ವಿವರಣೆಯನ್ನು ಕೊಡುತ್ತದೆ. ಕೈಪಿಡಿಯ ಕಪಾಟು ಯಂತ್ರದ ಒಳಗೇ ಬಂದಿತು. ಮೊದಲ ವರ್ಷಗಳಲ್ಲಿ ಅನೇಕ ಸಂಖ್ಯೆಗಳಿಗೆ ವಿವರಣೆಯೇ ಇರಲಿಲ್ಲ. 2015ರಲ್ಲಿ, ವಿವರಣೆಯಿಲ್ಲದ ಸಂಖ್ಯೆಗಳ ಪಟ್ಟಿಯನ್ನು ಬಹಿರಂಗವಾಗಿ ಇಟ್ಟು, ಯಾರು ಬೇಕಾದರೂ ಒಂದೊಂದನ್ನು ಬರೆದು ಕೊಡಿ ಎಂದು ಕರೆದರು. ಸಂಬಳವಿಲ್ಲದ ಕೆಲಸ. ವಿದ್ಯಾರ್ಥಿಗಳು, ಹೊಸಬರು, ಬೇರೆ ಬೇರೆ ದೇಶದವರು ಒಂದೊಂದಾಗಿ ತುಂಬಿದರು. ಇಂದು ಸುಮಾರು ಐನೂರು ಸಂಖ್ಯೆಗಳಿಗೆ ತಲಾ ಒಂದೊಂದು ಕಡತದಲ್ಲಿ ವಿವರಣೆಗಳಿವೆ. ಪ್ರತಿಯೊಂದೂ ಹೇಗಿರಬೇಕೆಂಬುದಕ್ಕೆ 2016ರಲ್ಲಿ ಒಂದು ಒಪ್ಪಂದವೂ ಆಯಿತು. ಮೊದಲು ಒಂದು ವಾಕ್ಯದಲ್ಲಿ ತಪ್ಪೇನೆಂದು ಹೇಳುವುದು. ಅನಂತರ ಆ ತಪ್ಪು ಇರುವ ಪುಟ್ಟ ಪ್ರೋಗ್ರಾಮನ್ನು ಕೊಡುವುದು. ಏಕೆ ತಪ್ಪು ಎಂಬ ವಿವರಣೆ. ಕೊನೆಗೆ ಅದೇ ಪ್ರೋಗ್ರಾಮನ್ನು ತಿದ್ದಿ ತೋರಿಸುವುದು.

ಈ ಕ್ರಮವನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಯಾವ ಪಾಶ್ಚಾತ್ಯ ಗ್ರಂಥವೂ ಅಲ್ಲ, ನಮ್ಮ ಕವಿರಾಜಮಾರ್ಗ. ಕ್ರಿ.ಶ. 850ರ ಸುಮಾರಿನ ಆ ಗ್ರಂಥದ ಮೊದಲ ಪರಿಚ್ಛೇದವೇ ದೋಷಾದೋಷಗಳ ವಿವೇಚನೆಗೆ ಮೀಸಲಾದದ್ದು. ದೋಷವುಳ್ಳ ಪದ್ಯವೊಂದನ್ನು ಮುಂದಿಟ್ಟು, ದೋಷ ಎಲ್ಲಿದೆಯೆಂದು ಹೇಳಿ, ಅದೇ ಪದ್ಯವನ್ನು ತಿದ್ದಿ ತೋರಿಸುವ ರೀತಿ ಅಲ್ಲಿದೆ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರ, ಅದಕ್ಕೆ ವೃತ್ತಿ, ಅದಕ್ಕೆ ಪ್ರಯೋಗ ಎಂಬ ಕ್ರಮ. ಸಂಖ್ಯೆಯೂ ಕಿರುವಾಕ್ಯವೂ ಸೂತ್ರವೆಂದರೆ, ಆ ಒಂದು ಪುಟದ ವಿವರಣೆ ವೃತ್ತಿ, ಪುಟ್ಟ ಪ್ರೋಗ್ರಾಮು ಪ್ರಯೋಗ. ಹೀಗೆಂದ ಮಾತ್ರಕ್ಕೆ 'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎಂದು ಎದೆತಟ್ಟಿಕೊಳ್ಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಇತ್ತು ಎನ್ನುವುದರಿಂದ ಒಂದು ಪ್ರೋಗ್ರಾಮೂ ನಡೆಯುವುದಿಲ್ಲ. ನನ್ನ ಮಾತು ಇಷ್ಟೇ: ತಪ್ಪನ್ನು ಬೈಯದೆ, ತಪ್ಪಿನ ಮೂಲಕವೇ ಕಲಿಸುವ ಗದ್ಯದ ಅಚ್ಚು ಕನ್ನಡಕ್ಕೆ ಅಪರಿಚಿತವಲ್ಲ. ಆ ಅಚ್ಚು ತಯಾರಾದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, 1956ರವರೆಗೆ ಈ ಹೈದರಾಬಾದನ್ನೇ ರಾಜಧಾನಿಯಾಗಿ ಹೊಂದಿದ್ದ ಸೀಮೆಯಲ್ಲಿತ್ತು ಎಂಬುದು ಇಲ್ಲಿ ಕುಳಿತ ಹಿರಿಯರಿಗೆ ತಿಳಿದದ್ದೇ.

ಇನ್ನು ಪರೀಕ್ಷೆಯ ಮಾತು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನನ್ನ ಕಸುಬು ಇದು, ಮತ್ತು ಕನ್ನಡದ ಕೆಲಸಗಳಲ್ಲಿ ನಾವು ಯಾವಾಗಲೂ ಬಿಟ್ಟುಬಿಡುವ ಹಂತವೂ ಇದೇ.

ವಿವರಣೆಯನ್ನು ಒಮ್ಮೆ ಬರೆದರೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಭಾಷೆ ಬದಲಾಗುತ್ತದೆ, ಕಂಪೈಲರು ಬದಲಾಗುತ್ತದೆ, ವಿವರಣೆ ಮಾತ್ರ ಹಳೆಯ ಪಂಚಾಂಗದಂತೆ ಗೋಡೆಗೆ ತೂಗುತ್ತಿರುತ್ತದೆ. ಓದಿದವನು ನಂಬಿ ಕೆಡುತ್ತಾನೆ. ಇದಕ್ಕೆ ರಸ್ಟ್ ಬಳಗದವರು ಕಂಡುಕೊಂಡ ಉಪಾಯ: ವಿವರಣೆಯ ಒಳಗಿನ ಪ್ರತಿಯೊಂದು ಉದಾಹರಣೆಯನ್ನೂ ಯಂತ್ರವೇ ಮತ್ತೆ ಮತ್ತೆ ನಡೆಸಿ ನೋಡುವುದು. 'ಸರಿ' ಎಂದು ಕೊಟ್ಟ ಉದಾಹರಣೆ ಕಂಪೈಲ್ ಆಗಬೇಕು. 'ತಪ್ಪು' ಎಂದು ಕೊಟ್ಟದ್ದು ಆಗಕೂಡದು. ಇಷ್ಟೇ ಸಾಲದು. ತಪ್ಪು ಉದಾಹರಣೆ ಬೇರಾವುದೋ ಕಾರಣದಿಂದ, ಉದಾಹರಣೆಗೆ ಒಂದು ಅರ್ಧವಿರಾಮ ಬಿಟ್ಟುಹೋದದ್ದರಿಂದ, ಸೋತಿರಬಹುದು. ಆಗ ಪರೀಕ್ಷೆ ಗೆದ್ದಂತೆ ಕಾಣುತ್ತದೆ, ಪಾಠ ಮಾತ್ರ ಸುಳ್ಳಾಗಿರುತ್ತದೆ. ಆದ್ದರಿಂದ ಉದಾಹರಣೆಯ ತಲೆಯ ಮೇಲೆ ಸಂಖ್ಯೆಯನ್ನೂ ಬರೆಯುತ್ತಾರೆ: ಇದು ಸೋಲಬೇಕು, ಇ0382 ಎಂಬ ಕಾರಣದಿಂದಲೇ ಸೋಲಬೇಕು. ತಪ್ಪು ಕೂಡ ಸರಿಯಾದ ಕಾರಣಕ್ಕೆ ತಪ್ಪಾಗಿರಬೇಕೆಂಬ ಈ ನಿಯಮ ನನಗೆ ಬಹಳ ಪ್ರಿಯವಾದದ್ದು. ನಮ್ಮ ಪಠ್ಯಪುಸ್ತಕ ಸಮಿತಿಗಳೂ ಇದನ್ನು ಪಾಲಿಸಿದರೆ ಎಷ್ಟು ಚೆನ್ನ ಎಂದು ಅನೇಕ ಬಾರಿ ಅನಿಸಿದೆ.

ಇದರ ಫಲ 2018ರಲ್ಲಿ ಕಂಡಿತು. ಆ ವರ್ಷದ ಡಿಸೆಂಬರಿನಲ್ಲಿ ಎರವಲಿನ ನಿಯಮವನ್ನು ಸಡಿಲಿಸಿದರು. ಮೊದಲು, ಒಂದು ವಸ್ತುವನ್ನು ತಿದ್ದುವ ಹಕ್ಕಿನೊಡನೆ ಇಬ್ಬರು ಎರವಲು ಪಡೆದರೆ ಸಾಕು, ಇ0499 ಎಂಬ ದೋಷ ಬರುತ್ತಿತ್ತು. ಹೊಸ ನಿಯಮದಲ್ಲಿ, ಮೊದಲನೆಯವನು ಆ ವಸ್ತುವನ್ನು ಮತ್ತೆ ಮುಟ್ಟುವುದೇ ಇಲ್ಲವಾದರೆ ಅವನ ಎರವಲು ಅಲ್ಲಿಗೇ ಮುಗಿಯಿತೆಂದು ಲೆಕ್ಕ. ಹಾಗಾಗಿ ಹಳೆಯ ಬಗೆಯ ಎಷ್ಟೋ ತಪ್ಪು ಉದಾಹರಣೆಗಳು ಈಗ ತಪ್ಪೇ ಅಲ್ಲ! ಪುಸ್ತಕದಲ್ಲಿ ಅಚ್ಚಾದ ಪಾಠವಾಗಿದ್ದರೆ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಲ್ಲಿ, ಸೋಲಬೇಕಾದ ಉದಾಹರಣೆ ಗೆದ್ದುಬಿಟ್ಟರೆ ಪರೀಕ್ಷೆಯೇ ಕೂಗಿಕೊಳ್ಳುತ್ತದೆ. ಉದಾಹರಣೆಯಲ್ಲಿ ಮೊದಲ ಎರವಲುಗಾರ ಅನಂತರವೂ ವಸ್ತುವನ್ನು ಬಳಸುವಂತೆ ಒಂದು ಸಾಲು ಸೇರಿಸಿದರೆ ಮಾತ್ರ ಅದು ಮತ್ತೆ ಪಾಠವಾಗುತ್ತದೆ.

ಮತ್ತೊಂದು ಬಗೆಯ ಪರೀಕ್ಷೆಯೂ ಇದೆ. ಒಂದು ತಪ್ಪು ಪ್ರೋಗ್ರಾಮು, ಅದರ ಪಕ್ಕದಲ್ಲಿ ಕಂಪೈಲರು ಆಡಬೇಕಾದ ಮಾತು ಅಕ್ಷರಶಃ ಬರೆದಿಟ್ಟ ಇನ್ನೊಂದು ಕಡತ. ಪ್ರತಿ ಬದಲಾವಣೆಗೂ ಇಂಥ ಸಾವಿರಾರು ಜೋಡಿಗಳನ್ನು ಹೋಲಿಸಿ ನೋಡುತ್ತಾರೆ. ಒಂದು ಅಕ್ಷರ ವ್ಯತ್ಯಾಸವಾದರೂ ತಿಳಿಯುತ್ತದೆ. ವ್ಯತ್ಯಾಸ ಬೇಕೆಂದೇ ಮಾಡಿದ್ದಾದರೆ, ಹೊಸ ಮಾತನ್ನೇ ಪ್ರಮಾಣವೆಂದು ಸ್ವೀಕರಿಸಲು ಒಂದು ಆಜ್ಞೆಯುಂಟು. ಆ ಆಜ್ಞೆಯ ಹೆಸರು 'ಬ್ಲೆಸ್', ಅಂದರೆ ಆಶೀರ್ವದಿಸು! (ಸಭೆಯಲ್ಲಿ ನಗು.) ನಗಬೇಡಿ, ಆಶೀರ್ವಾದ ಅಗ್ಗವಾದರೆ ಆಗುವ ಅನರ್ಥ ಇಲ್ಲಿಯೂ ಉಂಟು. ಬಂದದ್ದನ್ನೆಲ್ಲ ಓದದೆ ಆಶೀರ್ವದಿಸಿಬಿಟ್ಟರೆ ಪರೀಕ್ಷೆ ಶಾಶ್ವತವಾಗಿ ತಪ್ಪನ್ನೇ ಕಾಯುತ್ತದೆ. ನಾನಿದ್ದ ಒಂದು ಕಡೆ ಇಂಥದೇ ಕಡತಗಳನ್ನು ವಾರಾಂತ್ಯದ ಆತುರದಲ್ಲಿ ರಾಶಿಯಾಗಿ ಒಪ್ಪಿಕೊಂಡು, 'ಈ ಹೆಸರು ಸಿಗಲಿಲ್ಲ' ಎಂಬ ವಾಕ್ಯದಲ್ಲಿ ಹೆಸರೇ ಖಾಲಿಯಾಗಿ ಹೊರಟದ್ದು ಎರಡು ಆವೃತ್ತಿಗಳವರೆಗೆ ಹಾಗೆಯೇ ಉಳಿದಿತ್ತು. ಮನುಷ್ಯನ ಕಣ್ಣು ಒಂದು ಹಂತದಲ್ಲಿ ಇರಲೇಬೇಕು.

ಸಂಖ್ಯೆಗಳ ಬಗ್ಗೆ ಒಂದು ಮಾತು. ಒಂದು ದೋಷಸಂಖ್ಯೆ ಬಳಕೆ ತಪ್ಪಿದರೂ ಅದನ್ನು ಮತ್ತೊಂದು ತಪ್ಪಿಗೆ ಕೊಡುವುದಿಲ್ಲ. 'ಈ ಸಂಖ್ಯೆಯನ್ನು ಕಂಪೈಲರು ಈಗ ಬಳಸುವುದಿಲ್ಲ' ಎಂಬ ಟಿಪ್ಪಣಿಯೊಡನೆ ಹಳೆಯ ವಿವರಣೆ ಇದ್ದಲ್ಲೇ ಇರುತ್ತದೆ. ಅಡ್ಡಗೆರೆಗಳ ನಡುವೆ ಹಂಚಿಹೋದ ನಮ್ಮ ಈ ಊರಿನ ಮನೆನಂಬರುಗಳನ್ನು ಹುಡುಕಿ ಬೇಸತ್ತವರಿಗೆ, ನಂಬರು ಸ್ಥಿರವಾಗಿರುವುದರ ಬೆಲೆ ಚೆನ್ನಾಗಿ ಗೊತ್ತು. ಕನ್ನಡದ ದೃಷ್ಟಿಯಿಂದಲೂ ಈ ಸ್ಥಿರತೆ ಮುಖ್ಯ. ಏಕೆಂದು ಈಗ ಹೇಳುತ್ತೇನೆ.

ಅಮೀರ್‌ಪೇಟೆಯನ್ನು ತಾವೆಲ್ಲ ಬಲ್ಲಿರಿ. ಮೈತ್ರಿವನಂ ಸುತ್ತಮುತ್ತ ಗೋಡೆ ಕಾಣದಂತೆ ಅಂಟಿಸಿದ ಫಲಕಗಳು, ಒಂದೊಂದು ಕೊಠಡಿಯಲ್ಲಿ ನೂರಾರು ಜನ, ಕೆಳಗೆ ಜೆರಾಕ್ಸ್ ಅಂಗಡಿಯಲ್ಲಿ ಮಾರುವ ಕೈಬರಹದ ಟಿಪ್ಪಣಿಗಳು. ಬೀದರ್, ಕಲಬುರಗಿ, ರಾಯಚೂರು, ಯಾದಗಿರಿಗಳಿಂದ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯುವ ಸೀಮೆಯಿಂದ, ರೈಲು ಹತ್ತಿ ಬರುವ ಮಕ್ಕಳಿಗೆ ಬೆಂಗಳೂರಿಗಿಂತ ಇದೇ ಹತ್ತಿರ. ಪಾಠ ತೆಲುಗು ಬೆರೆತ ಇಂಗ್ಲಿಷಿನಲ್ಲಿ, ಟಿಪ್ಪಣಿ ಇಂಗ್ಲಿಷಿನಲ್ಲಿ. ಮೇಷ್ಟರು ಹೇಳಿದ್ದನ್ನು ಪಕ್ಕದ ತೆಲುಗು ಹುಡುಗ ತನ್ನ ಭಾಷೆಯಲ್ಲಿ ಮತ್ತೊಮ್ಮೆ ಕೇಳಿ ತಿಳಿದುಕೊಳ್ಳುತ್ತಾನೆ. ನಮ್ಮ ಹುಡುಗಿ ಕೇಳುವುದು ಯಾರನ್ನು? ಕಳೆದ ಬೇಸಿಗೆಯಲ್ಲಿ ಅಂಥ ಒಬ್ಬಳು ನಮ್ಮ ಮನೆಗೆ ಬಂದು, 'ಸರ್, ಇದು ಬಾರೋ ಅಂತದ, ಯಾರದು ಸಾಲ ತಗೊಂಡೀನಿ ನಾ?' ಎಂದು ಕೇಳಿದಳು. ಹೊರಗಿನವರಿಗೆ ತಮಾಷೆಯಾಗಿ ಕೇಳಿಸಬಹುದು. ಆದರೆ ಆ ಪ್ರಶ್ನೆಯಲ್ಲಿ ಆಕೆ ಅರ್ಧ ದಾರಿ ನಡೆದಿದ್ದಳು. ನಿಘಂಟಿನ ಅರ್ಥ ಗೊತ್ತಿತ್ತು. ಯಾರು, ಯಾರಿಂದ, ಏನನ್ನು ಪಡೆದರು ಎಂಬುದನ್ನು ಕೇಳಬೇಕೆಂಬುದೂ ಗೊತ್ತಿತ್ತು. ಬೇಕಾಗಿದ್ದುದು ಒಂದು ಪುಟದ ಕನ್ನಡ. ಆ ಒಂದು ಪುಟ ಎಲ್ಲಿಯೂ ಇರಲಿಲ್ಲ.

ಹಾಗಾದರೆ ದೋಷವಾಕ್ಯಗಳನ್ನೇ ಕನ್ನಡಕ್ಕೆ ತಿರುಗಿಸಿಬಿಡೋಣವೇ? ಇಲ್ಲಿ ನನ್ನ ಅಭಿಪ್ರಾಯ ಕೆಲವು ಕನ್ನಡಾಭಿಮಾನಿ ಮಿತ್ರರಿಗೆ ಹಿಡಿಸುವುದಿಲ್ಲ. ರಸ್ಟ್ ಬಳಗದಲ್ಲೇ 2022ರಲ್ಲಿ ದೋಷವಾಕ್ಯಗಳನ್ನು ಬೇರೆ ಭಾಷೆಗಳಿಗೆ ತಿರುಗಿಸಲು ಅನುಕೂಲವಾಗುವಂತೆ ಪ್ರತ್ಯೇಕ ಕಡತಗಳಿಗೆ ಒಯ್ಯುವ ಕೆಲಸ ಆರಂಭವಾಗಿತ್ತು. ಯತ್ನ ದೊಡ್ಡದು, ಆದರೆ ಕನ್ನಡದ ದೃಷ್ಟಿಯಿಂದ ಅದು ಮೊದಲ ಹೆಜ್ಜೆಯಲ್ಲ. ಒಬ್ಬ ಹುಡುಗನ ಯಂತ್ರ ಕನ್ನಡದಲ್ಲಿ ತಪ್ಪು ಹೇಳಿದರೆ, ಆ ವಾಕ್ಯವನ್ನು ಅವನು ಕಚೇರಿಯಲ್ಲಿ ಪಕ್ಕದವನಿಗೆ ತೋರಿಸಲಾರ, ಅಂತರಜಾಲದಲ್ಲಿ ಹುಡುಕಲಾರ. ಸಹಾಯ ಸಿಗುವ ದಾರಿಯೇ ಮುಚ್ಚಿಹೋಗುತ್ತದೆ. ಆದರೆ ಸಂಖ್ಯೆಗೆ ಭಾಷೆಯಿಲ್ಲ. ಇ0382 ಎಂಬುದು ಟೋಕಿಯೋದಲ್ಲೂ ಇ0382, ತಾಂಡೂರಿನಲ್ಲೂ ಇ0382. ಸೂತ್ರ ಇಂಗ್ಲಿಷಿನಲ್ಲೇ ಇರಲಿ, ವೃತ್ತಿ ಕನ್ನಡದಲ್ಲಿ ಬರಲಿ. ಸಂಖ್ಯೆ ಎರಡನ್ನೂ ಹೊಲಿಯುವ ದಾರ.

ಈ ಊರಿಗೆ ಇಂಥ ಸಾಹಸದ ನೆನಪೊಂದಿದೆ. 1917ರಲ್ಲಿ ಇಲ್ಲಿ ದಾರುಲ್ ತರ್ಜುಮಾ ಎಂಬ ಭಾಷಾಂತರ ಕೇಂದ್ರ ಸ್ಥಾಪನೆಯಾಯಿತು. ಮರುವರ್ಷ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯ, ಇಂಜಿನಿಯರಿಂಗ್‌ಗಳನ್ನೂ ಉರ್ದುವಿನಲ್ಲಿ ಕಲಿಸಿದರು. ಭಾರತೀಯ ಭಾಷೆಯೊಂದು ಉನ್ನತ ಶಿಕ್ಷಣದ ಭಾರವನ್ನು ಹೊರಬಲ್ಲದೆಂದು ತೋರಿಸಿದ ಪ್ರಯೋಗ ಅದು. ಆದರೆ ಆ ರಾಜ್ಯದ ಕನ್ನಡ, ತೆಲುಗು, ಮರಾಠಿ ಮಕ್ಕಳಿಗೆ ಉರ್ದುವೂ ಮನೆಯ ಭಾಷೆಯಾಗಿರಲಿಲ್ಲ ಎಂಬುದನ್ನು ನಮ್ಮ ತಂದೆ-ತಾತಂದಿರು ಮರೆತಿರಲಿಲ್ಲ. 1948ರ ಅನಂತರ ಆ ವ್ಯವಸ್ಥೆ ಮುಗಿಯಿತು. ಸಾವಿರಾರು ಪಾರಿಭಾಷಿಕ ಪದಗಳು ಗ್ರಂಥಾಲಯ ಸೇರಿದವು. ಅರಮನೆಯ ಆಜ್ಞೆಯಿಂದ ಬಂದದ್ದು ಅರಮನೆಯೊಡನೆ ಹೋಯಿತು ಎನ್ನುವುದು ಅರ್ಧಸತ್ಯ. ಪದಗಳನ್ನು ದಿನನಿತ್ಯ ಬಳಸಿ, ಸವೆಸಿ, ತಿದ್ದುವ ಜನ ಹೆಚ್ಚಾಗಿದ್ದರೆ ಅವು ಇಷ್ಟು ಬೇಗ ಕಣ್ಮರೆಯಾಗುತ್ತಿರಲಿಲ್ಲ.

'ಈಗ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ, ಕೇಳಿದರೆ ಕನ್ನಡದಲ್ಲೇ ವಿವರಿಸುತ್ತವೆ, ನಿಮ್ಮ ಈ ಪುಟಗಳು ಯಾರಿಗೆ ಬೇಕು?' ಎಂದು ಒಬ್ಬ ತರುಣ ಮಿತ್ರರು ಕೇಳಿದರು. ವಿವರಿಸುತ್ತವೆ, ನಿಜ. ಒಮ್ಮೊಮ್ಮೆ ಬಹಳ ಚೆನ್ನಾಗಿಯೇ ವಿವರಿಸುತ್ತವೆ. ಒಮ್ಮೊಮ್ಮೆ ಅಷ್ಟೇ ಆತ್ಮವಿಶ್ವಾಸದಿಂದ ಇಲ್ಲದ್ದನ್ನೂ ಹೇಳುತ್ತವೆ, ಮತ್ತು ಕಲಿಯುವವಳಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಆಕೆ ಕೇಳಿ ಪಡೆದ ಆ ವಿವರಣೆಯ ಉದಾಹರಣೆಯನ್ನು ಯಾರೂ ನಡೆಸಿ ನೋಡಿರುವುದಿಲ್ಲ. ಅಲ್ಲದೆ ಆ ಯಂತ್ರಗಳು ಕಲಿತದ್ದು ಮನುಷ್ಯರು ಬರೆದ ಇಂಥ ಪುಟಗಳಿಂದಲೇ. ಕನ್ನಡದಲ್ಲಿ ಪುಟಗಳೇ ಇಲ್ಲದಿದ್ದರೆ, ಇಂಗ್ಲಿಷಿನ ಪುಟವನ್ನು ತಿರುಗಿಸಿದ ಪೆಡಸು ಕನ್ನಡವೇ ನಮ್ಮ ಮಕ್ಕಳ ಪಾಲಿಗೆ ತಾಂತ್ರಿಕ ಕನ್ನಡವಾಗಿ ನಿಲ್ಲುತ್ತದೆ.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಐನೂರು ಬೇಡ, ಕಲಿಯುವವರು ಮೊದಲ ಆರು ತಿಂಗಳಲ್ಲಿ ಎಡವುವ ಮೂವತ್ತು ಸಂಖ್ಯೆಗಳನ್ನು ಆರಿಸೋಣ. ಇ0308, ಇ0382, ಇ0384, ಇ0425, ಇ0499, ಇ0502, ಇ0597 ಇವು ಇರಲೇಬೇಕು. ಒಬ್ಬೊಬ್ಬರು ಒಂದೊಂದನ್ನು ಕನ್ನಡದಲ್ಲಿ ಬರೆಯಲಿ. ಇಂಗ್ಲಿಷನ್ನು ಪಕ್ಕಕ್ಕಿಟ್ಟು, ತಿಳಿದುಕೊಂಡು, ಹೊಸದಾಗಿ ಬರೆಯಲಿ. ಉದಾಹರಣೆಯಲ್ಲಿ ಬರುವ ಹೆಸರುಗಳು ನಮ್ಮವಾಗಿರಲಿ, ಕಿರಾಣಿ ಅಂಗಡಿಯ ಲೆಕ್ಕವೋ ಬಸ್ಸಿನ ವೇಳಾಪಟ್ಟಿಯೋ ಇರಲಿ. ಪ್ರತಿಯೊಂದು ಉದಾಹರಣೆಯೂ ಪರೀಕ್ಷೆಗೆ ಒಳಪಡಲಿ. ಕಂಪೈಲರಿನ ಹೊಸ ಆವೃತ್ತಿ ಆರು ವಾರಕ್ಕೊಮ್ಮೆ ಬರುತ್ತದೆ, ಬಂದಾಗಲೆಲ್ಲ ಮತ್ತೆ ನಡೆಯಲಿ. ಪ್ರೋಗ್ರಾಮ್ ಬರೆಯಲು ಬಾರದ ಹಿರಿಯರಿಗೂ ಕೆಲಸವುಂಟು: ಬರೆದದ್ದನ್ನು ಓದಿ 'ಈ ವಾಕ್ಯ ತಿಳಿಯಲಿಲ್ಲ' ಎಂದು ಹೇಳುವುದು. ಪರೀಕ್ಷಕನಾಗಿ ಹೇಳುತ್ತೇನೆ, ಇದಕ್ಕಿಂತ ಬೆಲೆಯುಳ್ಳ ವರದಿ ಮತ್ತೊಂದಿಲ್ಲ.

ಪದಗಳ ವಿಷಯದಲ್ಲಿ ನಿಮ್ಮ ನೆರವು ಈಗಲೇ ಬೇಕು. 'ಓನರ್‌ಶಿಪ್' ಎಂಬುದಕ್ಕೆ ಒಡೆತನ ಎಂದಿಟ್ಟುಕೊಂಡಿದ್ದೇನೆ, ಮಾಲಿಕತ್ವಕ್ಕಿಂತ ಹಗುರ. 'ಬಾರೋ' ಎಂಬುದಕ್ಕೆ ಸಾಲ ಸಲ್ಲದು, ಕೈಗಡವೂ ಸಲ್ಲದು. ಪಡೆದ ನೋಟನ್ನೇ ಹಿಂದಿರುಗಿಸುವ ಕಟ್ಟುಪಾಡು ಅಲ್ಲಿಲ್ಲ. ಮದುವೆಗೆಂದು ತಂದ ಒಡವೆಯನ್ನು ನಾವು ಎರವಲು ಎನ್ನುತ್ತೇವೆ, ಅದೇ ಒಡವೆ ಅದೇ ಮನೆಗೆ ಹಿಂದಿರುಗಬೇಕು. ಹಾಗಾಗಿ ಎರವಲು. 'ಮೂವ್' ಎಂಬುದಕ್ಕೆ ಹಸ್ತಾಂತರ ಬರೆದಿದ್ದೇನೆ, ಒಪ್ಪಿಸುವಿಕೆ ಉತ್ತಮವೇನೋ ಎಂಬ ಸಂದೇಹವಿದೆ. ಇನ್ನು 'ಲೈಫ್‌ಟೈಮ್' ಎಂಬುದೊಂದಿದೆ: ಎರವಲು ಎಷ್ಟು ಹೊತ್ತು ಸಿಂಧುವಾಗಿರುತ್ತದೆ ಎಂಬ ಅರ್ಥ. ಜೀವಾವಧಿ ಎಂದರೆ ಸೆರೆಮನೆಯ ನೆನಪು ಬರುತ್ತದೆ, ಆಯುಷ್ಯ ಎಂದರೆ ಜ್ಯೋತಿಷ್ಯದ್ದು. ವಾಯಿದೆ ಎಂಬ ಪದ ನಮ್ಮ ರಾಯಚೂರು ಕಡೆಯ ವ್ಯವಹಾರದಲ್ಲಿ ಬಳಕೆಯಲ್ಲಿದೆ, ಅರ್ಥಕ್ಕೆ ಹತ್ತಿರವೂ ಇದೆ; ಆದರೆ ಮೈಸೂರು ಕಡೆಯಿಂದ ಬಂದವರಿಗೆ ಅದು ಒಗ್ಗುವುದೇ? ಸಭೆ ಮುಗಿದ ಮೇಲೆ ಚಹಾದ ಹೊತ್ತಿಗೆ ನಾನು ಒಂದು ಕಾಗದ ಹಿಡಿದು ಬಾಗಿಲ ಬಳಿ ನಿಂತಿರುತ್ತೇನೆ. ತಮಗೆ ತೋಚಿದ ಪದವನ್ನು ದಯವಿಟ್ಟು ಅದರಲ್ಲಿ ಬರೆದು ಹೋಗಬೇಕು.